ಮೋಂ ಸೇಂ-ಮಿಶೆಲ್

ಮೋಂ ಸೇಂ-ಮಿಶೆಲ್ ಫ್ರಾನ್ಸ್ ದೇಶದ ವಾಯವ್ಯ ಭಾಗದಲ್ಲಿ, ನಾರ್ಮಂಡಿ ಪ್ರಾಂತ್ಯದ ಕರಾವಳಿಗೆ ಸಮೀಪದಲ್ಲಿರುವ ಒಂದು ಚಿಕ್ಕ ಶಿಲಾದ್ವೀಪ. ಈ ಹೆಸರಿಗೆ 'ಸಂತ ಮೈಕೇಲನ ಬೆಟ್ಟ' ಎಂದು ಅರ್ಥ. ಬೆಟ್ಟದ ನೆತ್ತಿಯಲ್ಲಿ ಮಧ್ಯಯುಗದ ಕ್ರೈಸ್ತ ಮಠವೂ ಅದರ ಕೆಳಗೆ ಕೋಟೆಗೋಡೆ ಸುತ್ತುವರಿದ ಪುಟ್ಟ ಊರೂ ಇವೆ. 1979ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಬೆಟ್ಟವನ್ನೂ ಇದರ ಸುತ್ತಲಿನ ಕೊಲ್ಲಿಯನ್ನೂ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಭೌಗೋಳಿಕ ಲಕ್ಷಣ

ಗ್ರಾನೈಟ್ ಶಿಲೆಯ ಈ ಬೆಟ್ಟವು ಕ್ವೆನೋಂ ನದಿಯ ಅಳಿವೆಯ ಬಳಿಯಿದೆ. ಯುರೋಪಿನಲ್ಲಿ ಅತಿ ದೊಡ್ಡ ಉಬ್ಬರವಿಳಿತಗಳು ಉಂಟಾಗುವ ಸ್ಥಳಗಳಲ್ಲಿ ಈ ಕೊಲ್ಲಿಯೂ ಒಂದು. ಹಗಲು ಇರುಳು ಸಮವಾಗಿರುವ ಕಾಲದ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟದ ಅಂತರ ಸುಮಾರು 14 ಮೀಟರ್‌ವರೆಗೂ ಇರುತ್ತದೆ. ಇಳಿತದಲ್ಲಿ ಕಡಲು ಹಲವು ಕಿಲೋಮೀಟರ್ ಹಿಂದೆ ಸರಿದು ಮರಳಿನ ಬಯಲು ತೆರೆದುಕೊಳ್ಳುತ್ತದೆ. ಹಿಂದೆ ಯಾತ್ರಿಕರು ಈ ಬಯಲನ್ನು ಕಾಲ್ನಡಿಗೆಯಲ್ಲಿ ದಾಟುತ್ತಿದ್ದರು. ವೇಗವಾಗಿ ಮರಳುವ ನೀರಿಗೂ ಕಾಲು ಹೂತುಹೋಗುವ ಮರಳಿಗೂ ಸಿಲುಕಿ ಅನೇಕರು ಪ್ರಾಣ ಕಳೆದುಕೊಂಡರು.

ಇತಿಹಾಸ

ಐತಿಹ್ಯದ ಪ್ರಕಾರ, ದೇವದೂತ ಮೈಕೇಲನು ಕನಸಿನಲ್ಲಿ ನೀಡಿದ ಆಜ್ಞೆಯಂತೆ ಆವ್ರಾಂಶ್ ನಗರದ ಬಿಷಪ್ ಓಬೇರ್ 708ರಲ್ಲಿ ಇಲ್ಲಿ ಪ್ರಾರ್ಥನಾಮಂದಿರವನ್ನು ಸ್ಥಾಪಿಸಿದನು. 966ರಲ್ಲಿ ಬೆನೆಡಿಕ್ಟೀನ್ ಪಂಥದ ಸನ್ಯಾಸಿಗಳು ನೆಲೆಸಿದರು. 1023ರಲ್ಲಿ ಮಠದ ದೊಡ್ಡ ಚರ್ಚಿನ ನಿರ್ಮಾಣ ಆರಂಭವಾಯಿತು. ಶಿಖರದ ಮೇಲೆ ಸಮತಟ್ಟಾದ ಜಾಗ ಸಾಲದಿದ್ದುದರಿಂದ, ಇಳಿಜಾರಿನಲ್ಲಿ ನೆಲಮಾಳಿಗೆಗಳನ್ನು ಕಟ್ಟಿ ಅವುಗಳ ಮೇಲೆ ಚರ್ಚಿನ ಭಾರವನ್ನು ನಿಲ್ಲಿಸಲಾಯಿತು. 13ನೆಯ ಶತಮಾನದಲ್ಲಿ ಉತ್ತರ ಭಾಗದಲ್ಲಿ ಎದ್ದ ಗೋಥಿಕ್ ಶೈಲಿಯ ಕಟ್ಟಡಗಳಿಗೆ 'ಮೆರ್ವೇಯ್', ಅಂದರೆ 'ಅದ್ಭುತ', ಎಂಬ ಹೆಸರಿದೆ.

ನೂರು ವರ್ಷಗಳ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯವು ಹಲವು ಬಾರಿ ಮುತ್ತಿಗೆ ಹಾಕಿದರೂ ಈ ಬೆಟ್ಟ ಶರಣಾಗಲಿಲ್ಲ. 1434ರಲ್ಲಿ ಶತ್ರುಗಳು ಬಿಟ್ಟುಹೋದ ಎರಡು ಫಿರಂಗಿಗಳನ್ನು ಪ್ರವೇಶದ್ವಾರದ ಬಳಿ ಇಂದಿಗೂ ಕಾಣಬಹುದು. ಫ್ರೆಂಚ್ ಕ್ರಾಂತಿಯ ತರುವಾಯ ಸನ್ಯಾಸಿಗಳನ್ನು ಹೊರಹಾಕಿ ಮಠವನ್ನು ಸೆರೆಮನೆಯನ್ನಾಗಿ ಮಾಡಲಾಯಿತು. 1863ರಲ್ಲಿ ಸೆರೆಮನೆ ಮುಚ್ಚಿತು. 1874ರಲ್ಲಿ ಸರ್ಕಾರವು ಮಠವನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಶಿಖರದ ತುದಿಯಲ್ಲಿರುವ ಮೈಕೇಲನ ಪ್ರತಿಮೆ ಶಿಲ್ಪಿ ಎಮ್ಯಾನುಯೆಲ್ ಫ್ರೆಮಿಯೆಯ ಕೃತಿ. ಅದನ್ನು 1897ರಲ್ಲಿ ಸ್ಥಾಪಿಸಲಾಯಿತು.

ಹೂಳಿನ ಸಮಸ್ಯೆ ಮತ್ತು ಸಂರಕ್ಷಣೆ

ಶತ್ರುಸೈನ್ಯಕ್ಕೆ ಜಗ್ಗದ ಈ ದ್ವೀಪವು ಹೂಳಿಗೆ ಸೋಲುವ ಸ್ಥಿತಿಗೆ ಬಂದಿತ್ತು. 19ನೆಯ ಶತಮಾನದಲ್ಲಿ ಕೃಷಿಗಾಗಿ ಕೊಲ್ಲಿಯ ಅಂಚನ್ನು ಒಣಭೂಮಿಯಾಗಿ ಪರಿವರ್ತಿಸಲಾಯಿತು, ನದಿಯ ಪಾತ್ರವನ್ನು ಕಾಲುವೆಯಂತೆ ನೇರಗೊಳಿಸಲಾಯಿತು. 1879ರಲ್ಲಿ ತೀರದಿಂದ ಬೆಟ್ಟದವರೆಗೆ ಏರಿಯ ಮೇಲೆ ರಸ್ತೆ ನಿರ್ಮಾಣವಾಯಿತು. ಪ್ರಯಾಣ ಸುಲಭವಾಯಿತು, ಆದರೆ ಏರಿಯು ನೀರಿನ ಸಹಜ ಹರಿವನ್ನು ತಡೆಯಿತು. 1969ರಲ್ಲಿ ನದಿಗೆ ಕಟ್ಟಿದ ಅಣೆಕಟ್ಟಿನಿಂದ ಉಬ್ಬರದ ನೀರು ನದಿಯೊಳಗೆ ನುಗ್ಗುವುದೂ ನಿಂತಿತು. ಸಮುದ್ರ ತಂದ ಹೂಳು ಮರಳಿ ಕೊಚ್ಚಿಹೋಗದೆ ಬೆಟ್ಟದ ಸುತ್ತ ಶೇಖರವಾಗಿ, ಹುಲ್ಲುಗಾವಲು ವಿಸ್ತರಿಸತೊಡಗಿತು. ದ್ವೀಪವು ಕ್ರಮೇಣ ಭೂಭಾಗದೊಂದಿಗೆ ಸೇರಿಹೋಗುವ ಅಪಾಯ ಎದುರಾಯಿತು.

ಇದನ್ನು ತಡೆಯಲು ಹೊಸ ಅಣೆಕಟ್ಟನ್ನು ನಿರ್ಮಿಸಿ 2009ರಿಂದ ಬಳಸಲಾಗುತ್ತಿದೆ. ಇದರ ಬಾಗಿಲುಗಳು ಉಬ್ಬರದ ನೀರನ್ನು ನದಿಯೊಳಗೆ ಬಿಟ್ಟುಕೊಂಡು ಹಿಡಿದಿಡುತ್ತವೆ. ಇಳಿತದ ವೇಳೆಗೆ ಆ ನೀರನ್ನು ಹೊರಬಿಟ್ಟಾಗ ಅದರ ರಭಸಕ್ಕೆ ಹೂಳು ಕಡಲಿನತ್ತ ಸಾಗುತ್ತದೆ. ಹಳೆಯ ಏರಿಯನ್ನು ತೆಗೆದುಹಾಕಿ, ನೀರು ಕೆಳಗೆ ಹರಿಯುವಂತೆ ತೆಳುವಾದ ಕಂಬಗಳ ಮೇಲೆ ಸೇತುವೆಯನ್ನು ಕಟ್ಟಲಾಯಿತು. 2014ರಲ್ಲಿ ಈ ಸೇತುವೆ ತೆರೆಯಿತು. ಪ್ರವಾಸಿಗರ ವಾಹನಗಳು ಈಗ ತೀರದಲ್ಲಿಯೇ ನಿಲ್ಲುತ್ತವೆ. ಅಲ್ಲಿಂದ ಮುಂದೆ ನಡೆದು ಅಥವಾ ನಿಗದಿತ ಬಸ್ಸುಗಳಲ್ಲಿ ಹೋಗಬೇಕು. ವರ್ಷದ ಅತಿ ದೊಡ್ಡ ಉಬ್ಬರಗಳ ಸಮಯದಲ್ಲಿ ನೀರು ಸುತ್ತುವರಿದು, ಮೋಂ ಸೇಂ-ಮಿಶೆಲ್ ಸ್ವಲ್ಪ ಹೊತ್ತು ಮತ್ತೆ ಸಂಪೂರ್ಣ ದ್ವೀಪವಾಗುತ್ತದೆ.