ಕೀಲುಗಳ ಚಲನೆಯೂ ಗಣಕದ ಲೆಕ್ಕವೂ

ನಾಲ್ಕು ಪಟ್ಟಿಗಳನ್ನು ನಾಲ್ಕು ಕೀಲುಗಳಿಂದ ಜೋಡಿಸಿ ಒಂದು ಚೌಕಟ್ಟನ್ನು ಮಾಡಿದೆವೆನ್ನೋಣ. ಕೀಲುಗಳ ಅಕ್ಷಗಳೆಲ್ಲ ಸಮಾಂತರವಾಗಿದ್ದರೆ ಅದು ಮೇಜಿನ ಮೇಲೆ ಸರಾಗವಾಗಿ ಚಲಿಸುತ್ತದೆ. ಅಕ್ಷಗಳನ್ನು ಮನಬಂದಂತೆ ಓರೆಮಾಡಿದರೆ ಅದೇ ಚೌಕಟ್ಟು ಬಿಗಿದು ನಿಲ್ಲುತ್ತದೆ. ಇದೇಕೆ? ಬಿಡಿಯಾದ ವಸ್ತುವೊಂದು ಮೂರು ದಿಕ್ಕಿಗೆ ಸರಿಯಬಲ್ಲುದು, ಮೂರು ಬಗೆಯಾಗಿ ತಿರುಗಬಲ್ಲುದು. ಒಟ್ಟು ೬ ಸ್ವಾತಂತ್ರ್ಯಗಳು. ಒಂದು ಪಟ್ಟಿಯನ್ನು ಸ್ಥಿರವಾಗಿ ಹಿಡಿದರೆ ಉಳಿದ ಮೂರಕ್ಕೆ ೧೮. ಒಂದೊಂದು ಕೀಲೂ ೫ನ್ನು ಕಸಿದುಕೊಳ್ಳುವುದರಿಂದ ೨೦ ಕಳೆಯಬೇಕು. ಉಳಿದುದು ಋಣ ೨! ಚಲನೆಗೆ ಎಡೆಯೆಲ್ಲಿ?

ಆದರೂ ೧೯೦೩ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜಿ. ಟಿ. ಬೆನೆಟ್ ಅವರು, ಅಕ್ಷಗಳು ಸಮಾಂತರವಾಗಿರದೆ, ಒಂದೇ ಬಿಂದುವಿನಲ್ಲಿ ಕೂಡದೆ, ಚಲಿಸುವ ಚೌಕಟ್ಟೊಂದನ್ನು ತೋರಿಸಿಕೊಟ್ಟರು. ಅದರ ಎದುರುಬದುರು ಪಟ್ಟಿಗಳ ಉದ್ದವೂ ತಿರುಚೂ ಸಮ. ತಿರುಚಿನ ಸೈನ್ ಉದ್ದಕ್ಕೆ ಅನುಪಾತದಲ್ಲಿರುತ್ತದೆ. ಗಿಡ್ಡ ಪಟ್ಟಿಯ ತಿರುಚು ೩೦ ಡಿಗ್ರಿಯಾಗಿ, ಅದರ ಇಮ್ಮಡಿ ಉದ್ದದ ಪಟ್ಟಿಯದು ೯೦ ಡಿಗ್ರಿಯಾದರೆ ಸರಿಹೋಯಿತು. ಎಣಿಕೆಯ ಸೂತ್ರಕ್ಕೆ ಈ ಅಳತೆಗಳ ಅರಿವೇ ಇಲ್ಲ.

ಅಳತೆಗಳನ್ನು ಲೆಕ್ಕಕ್ಕೆ ತರುವ ದಾರಿಯನ್ನು ೧೯೫೫ರಲ್ಲಿ ಅಮೆರಿಕದ ಡೆನಾವಿಟ್ ಮತ್ತು ಹಾರ್ಟೆನ್‌ಬರ್ಗ್ ಹಾಕಿಕೊಟ್ಟರು. ಒಂದು ಕೀಲಿನಿಂದ ಮುಂದಿನ ಕೀಲಿಗೆ ಹೋಗುವ ಹೆಜ್ಜೆಯನ್ನು ಎರಡು ದೂರ, ಎರಡು ಕೋನ, ಹೀಗೆ ನಾಲ್ಕೇ ಸಂಖ್ಯೆಗಳಿಂದ ಹೇಳಬಹುದು. ಇವುಗಳಿಂದ ಒಂದೊಂದು ಹೆಜ್ಜೆಗೂ ಒಂದು ಮಾತೃಕೆ, ಎಂದರೆ ಅಂಕಿಗಳ ಚೌಕ, ಸಿದ್ಧವಾಗುತ್ತದೆ. ಮಾತೃಕೆಗಳನ್ನು ಗುಣಿಸುತ್ತ ಚೌಕಟ್ಟನ್ನು ಸುತ್ತಿ ಬಂದರೆ ಹೊರಟ ಸ್ಥಳಕ್ಕೇ ಮರಳಬೇಕು. ಗಣಕಯಂತ್ರ ಮೊದಲು ಕೋನಗಳನ್ನು ಊಹಿಸುತ್ತದೆ. ಸುತ್ತು ಕೂಡದಿದ್ದರೆ ತಪ್ಪನ್ನು ಅಳೆದು, ಊಹೆಯನ್ನು ತಿದ್ದಿ, ಮತ್ತೆ ಸುತ್ತುತ್ತದೆ. ಯುಕರ್ ಅವರೊಡಗೂಡಿ ೧೯೬೪ರಲ್ಲಿ ಪ್ರಕಟವಾದ ಈ ವಿಧಾನವೇ, ೧೯೭೨ರಲ್ಲಿ ಶೇಠ್ ಮತ್ತು ಯುಕರ್ ವಿವರಿಸಿದ ‘ಐಎಂಪಿ’ ಎಂಬ ತಂತ್ರಾಂಶಕ್ಕೆ ಹಿನ್ನೆಲೆ.

ತೊಡಕು ಇಲ್ಲಿಂದ ಮುಂದೆ. ಚೌಕಟ್ಟು ಚಲಿಸಬೇಕಾದರೆ ಒಂದು ನಿರ್ದಿಷ್ಟ ಸಂಖ್ಯೆ ಸೊನ್ನೆಯಾಗಬೇಕು. ಗಣಕಯಂತ್ರವಾದರೋ ಸುಮಾರು ೧೬ ಅಂಕಿಗಳಿಗೆ ಸಂಖ್ಯೆಯನ್ನು ಮೊಟಕುಮಾಡುವುದರಿಂದ, ಬೆನೆಟ್ಟರ ಚೌಕಟ್ಟಿನಲ್ಲಿಯೂ ಅದಕ್ಕೆ ಶುದ್ಧ ಸೊನ್ನೆಯ ಬದಲು ಅತ್ಯಲ್ಪವಾದ ಏನೋ ಕಾಣಬಹುದು. ಎಷ್ಟು ಅಲ್ಪವಾದರೆ ಸೊನ್ನೆಯೆನ್ನಬೇಕು? ಇದನ್ನು ಗೊತ್ತುಮಾಡುವವನು ಮನುಷ್ಯ. ಮಿತಿ ಅತಿ ಬಿಗಿಯಾದರೆ ಚಲಿಸುವ ಚೌಕಟ್ಟೂ ಬಿಗಿದದ್ದೆನಿಸೀತು. ಸಡಿಲವಾದರೆ ಬಿಗಿಯುವ ಚೌಕಟ್ಟೂ ಚಲಿಸುವುದೆಂಬ ತೀರ್ಪು ಬಂದೀತು. ಚಿತ್ರಪಟದ ಮೇಲೆ ಚೌಕಟ್ಟು ಅಂದವಾಗಿ ಆಡಿತೆಂದು ನಾವು ನಂಬಿ ಕುಳಿತುಕೊಳ್ಳಲಾಗದು. ೩೦ ಡಿಗ್ರಿಯನ್ನು ೩೦.೧ ಎಂದು ಬದಲಿಸಿ ಮತ್ತೊಮ್ಮೆ ನಡೆಸಿ ನೋಡಬೇಕು. ಆಗ ಸುತ್ತು ಕೂಡದೆಹೋದರೆ, ಕಾರ್ಯಾಗಾರದಲ್ಲಿ ಆ ಪಟ್ಟಿಯನ್ನು ಎಷ್ಟು ನಿಖರವಾಗಿ ಕೊರೆಯಬೇಕೆಂಬುದು ತಿಳಿಯತೊಡಗುತ್ತದೆ.