ಎರಡನೇ ಮಂಗಳವಾರದ ಮರುದಿನ

ಬುಧವಾರ ಬೆಳಿಗ್ಗೆ ಹತ್ತೂವರೆ. ತ್ಯಾಮಗೊಂಡ್ಲಿನ ಒಂದು ಜೆರಾಕ್ಸ್ ಅಂಗಡಿಯ ಮುಂದೆ ಏಳು ಜನ ನಿಂತಿದ್ದೆವು. ಇಬ್ಬರಿಗೆ ಪಹಣಿ ಬೇಕು, ಒಬ್ಬಾಕೆಗೆ ಮಗಳ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು, ನನಗೆ ಎರಡು ಹಾಳೆ ಪ್ರಿಂಟು. ಅಂಗಡಿಯ ಹುಡುಗ ಮಾತ್ರ ಕೈಕಟ್ಟಿ ಕೂತಿದ್ದ. ಅವನ ಮುಂದಿನ ಪರದೆ ಪೂರ್ತಿ ನೀಲಿ, ನಡುವೆ ಸುತ್ತುತ್ತಿರುವ ಬಿಳಿ ಚುಕ್ಕಿಗಳು, ಕೆಳಗೆ 27 ಪರ್ಸೆಂಟ್.

"ಏನ್ಲಾ ಮಗ, ಸರ್ವರ್ ಡೌನಾ?" ಎಂದರು ಮುಂದಿದ್ದ ಅಜ್ಜ. ಈ ಎರಡು ಪದ ಹಳ್ಳಿಗೆ ಬಂದು ವರ್ಷಗಳಾದವು. ಮೊದಲು ಸಾಹೇಬರು ಮೀಟಿಂಗಿಗೆ ಹೋಗಿರುತ್ತಿದ್ದರು, ಈಗ ಸರ್ವರ್ ಮಲಗಿರುತ್ತದೆ.

"ಇಲ್ಲ ತಾತ, ಅಪ್‌ಡೇಟ್ ಆಯ್ತಾ ಐತೆ."

"ಎಷ್ಟೊತ್ತು ಆಯ್ತದೆ?"

"ಅದುಕ್ಕೇ ಗೊತ್ತು."

ಹುಡುಗನ ಉತ್ತರದಲ್ಲಿ ಉದ್ಧಟತನ ಇರಲಿಲ್ಲ, ಅದು ನಿಜವೇ. ತನ್ನ ಅಂಗಡಿ, ತನ್ನ ಯಂತ್ರ, ತನ್ನ ಗಿರಾಕಿಗಳು. ಆದರೆ ಕೆಲಸ ಯಾವಾಗ ಶುರುವಾಗಬೇಕು ಅನ್ನುವುದನ್ನು ತೀರ್ಮಾನಿಸಿದ್ದು ಬೇರೆ ಯಾರೋ. ಮೈಕ್ರೋಸಾಫ್ಟ್ ಕಂಪನಿ 2003ರ ಅಕ್ಟೋಬರ್‌ನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸಿನ ತೂತುಗಳಿಗೆ ತೇಪೆ ಕಳಿಸುತ್ತದೆ. ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳಗಿನ ಹತ್ತು ಗಂಟೆ ಎಂದರೆ ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಆಗ ಅಂಗಡಿಯ ಷಟರ್ ಎಳೆದಿರುತ್ತದೆ, ಕಂಪ್ಯೂಟರ್ ಆಫ್ ಆಗಿರುತ್ತದೆ. ಹಾಗಾಗಿ ಆ ತೇಪೆ ಬಂದು ಬೀಳುವುದು ಬುಧವಾರವೋ ಗುರುವಾರವೋ, ಜನ ಸಾಲು ನಿಂತಿರುವಾಗಲೇ.

ತ್ಯಾಮಗೊಂಡ್ಲು ನೆಲಮಂಗಲ ತಾಲ್ಲೂಕಿನ ಹೋಬಳಿ ಕೇಂದ್ರ. ನಾಡಕಚೇರಿ, ಗ್ರಾಮ ಪಂಚಾಯಿತಿ, ಬ್ಯಾಂಕು, ಶಾಲೆಗಳು, ಗೊಬ್ಬರದ ಅಂಗಡಿ, ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಮಂಡಿಗಳು, ಎಲ್ಲ ಕಡೆಯೂ ಕಂಪ್ಯೂಟರ್ ಉಂಟು. ಕಂಪ್ಯೂಟರ್ ನೋಡಿಕೊಳ್ಳುವ ಸಂಬಳದ ಆಸಾಮಿ ಸಣ್ಣ ಅಂಗಡಿಗೆ ಎಲ್ಲಿಂದ ಬರಬೇಕು? ಯಂತ್ರ ಜೋಡಿಸಿಕೊಟ್ಟವನೇ ಡಾಕ್ಟರು, ಅವನೇ ಕಾಂಪೌಂಡರು. ಅವನು ಕೆಲಸ ಮುಗಿಸಿ ಹೊರಡುವಾಗ ಹೇಳುವ ಕೊನೆಯ ಮಾತು ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ: "ಅಪ್‌ಡೇಟ್ ಆಫ್ ಮಾಡಿದೀನಿ ಸಾರ್, ಇನ್ನು ತಲೆನೋವಿಲ್ಲ." ಡೂಪ್ಲಿಕೇಟ್ ವಿಂಡೋಸ್ ಹಾಕಿದ್ದರಂತೂ ಈ ಮಾತು ಖಂಡಿತ. ಮಾಲೀಕರಿಗೆ ಖುಷಿ. ಹಾಟ್‌ಸ್ಪಾಟಿನ ಡೇಟಾ ಉಳಿಯಿತು, ನಡುವೆ ಕರೆಂಟು ಹೋಗಿ ಅರ್ಧಂಬರ್ಧ ನಿಲ್ಲುವ ಭಯ ಇಲ್ಲ.

ನನ್ನ ಯಂತ್ರದಲ್ಲೂ ಎರಡು ವರ್ಷ ಹಾಗೇ ಇತ್ತು. ಅದಕ್ಕೆ ಈಗ ನಾಚಿಕೆಯಾಗುತ್ತದಾದರೂ, ಆಫ್ ಮಾಡಿಸಿಕೊಂಡವರನ್ನು ದಡ್ಡರು ಅನ್ನಲಾರೆ. ಅವರ ಅನುಮಾನಕ್ಕೆ ಆಧಾರವಿದೆ.

2017ರ ನವೆಂಬರಿನ ಅಪ್‌ಡೇಟ್ ಬಂದಾಗ ಎಪ್ಸನ್ ಕಂಪನಿಯ ಕೆಲವು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು, ಬಿಲ್ ಯಂತ್ರಗಳು ಪ್ರಿಂಟ್ ಕೊಡುವುದನ್ನೇ ನಿಲ್ಲಿಸಿದವು. ನ್ಯೂಯಾರ್ಕಿನ ಕಚೇರಿಗೆ ಅದು ಸುದ್ದಿಯೇ ಅಲ್ಲದಿರಬಹುದು. ಕರಕರ ಸದ್ದು ಮಾಡುತ್ತ ರಸೀದಿ ಹೊಡೆಯುವ ಆ ಪ್ರಿಂಟರನ್ನೇ ನೆಚ್ಚಿಕೊಂಡ ನಮ್ಮ ಮಂಡಿ, ಸೊಸೈಟಿಗಳಿಗೆ ಅದು ವ್ಯಾಪಾರವೇ ನಿಂತ ಹಾಗೆ. ಮರುವರ್ಷ ಅಕ್ಟೋಬರ್ 2ರಂದು ಬಿಟ್ಟ ವಿಂಡೋಸ್ 10ರ ಹೊಸ ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳನ್ನೇ ನುಂಗಿತು. ನಾಲ್ಕು ದಿನಕ್ಕೆ ಅದನ್ನು ವಾಪಸ್ ಪಡೆದರು. ಪತ್ರ ಬರೆಯುವವರ ಭಯ ಇನ್ನೊಂದು ತೆರನಾದ್ದು. ಇಪ್ಪತ್ತು ವರ್ಷದ ಕ್ರಯಪತ್ರ, ವಿಭಾಗಪತ್ರಗಳ ಮಾದರಿಗಳೆಲ್ಲ ಹಳೆಯ ನುಡಿ ಅಕ್ಷರಗಳಲ್ಲಿವೆ. ಯೂನಿಕೋಡಿಗೆ ಮುಂಚಿನ ಆ ಬರಹವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಊರ ಪಕ್ಕದ ಮಣ್ಣೆಯಲ್ಲಿ, ಗಂಗರ ಮಾನ್ಯಪುರದಲ್ಲಿ, ಸಿಕ್ಕ ತಾಮ್ರಪಟಗಳ ಭೂದಾನವನ್ನು ಸಾವಿರದಿನ್ನೂರು ವರ್ಷದ ಮೇಲೂ ಓದಬಹುದು, 2004ರ ಕ್ರಯಪತ್ರದ ಫೈಲು ಓದಲಾಗುವುದಿಲ್ಲ. ಅದಕ್ಕೇ ಅವರು ಹಳೇ ಯಂತ್ರವನ್ನು ಮುಟ್ಟಲು ಬಿಡುವುದಿಲ್ಲ.

ಇಷ್ಟೆಲ್ಲ ಒಂದು ಕಡೆಯಾದರೆ, 2024ರ ಜುಲೈ ತಿಂಗಳೊಂದೇ ಒಂದು ಕಡೆ.

ಜುಲೈ 19, ಶುಕ್ರವಾರ. ನಮ್ಮದೇ ಜಿಲ್ಲೆಯ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಬೆಳಿಗ್ಗೆ 10.40ರ ಹೊತ್ತಿಗೆ ಇಂಡಿಗೋ, ಆಕಾಸ, ಸ್ಪೈಸ್‌ಜೆಟ್, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗಳ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿತು. ಸಿಬ್ಬಂದಿ ಕೈಯಲ್ಲೇ ಕೆಲಸ ಶುರುಮಾಡಿದರು. ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಹೆಸರು, ಸೀಟು, ಗೇಟು, ಎಲ್ಲ ಹಳೆಯ ಬಸ್ ಟಿಕೆಟಿನ ಹಾಗೆ. ಇಂಡಿಗೋ ಒಂದೇ ಸುಮಾರು 200 ಹಾರಾಟ ರದ್ದು ಮಾಡಿತು. ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊದ್ದು ಬಿದ್ದಿದ್ದವು ಎಂದು ಮೈಕ್ರೋಸಾಫ್ಟ್ ಆಮೇಲೆ ಅಂದಾಜು ಹೇಳಿತು. ಅಷ್ಟಾದರೂ ಅದು ಒಟ್ಟು ವಿಂಡೋಸ್ ಯಂತ್ರಗಳ ನೂರಕ್ಕೆ ಒಂದು ಪಾಲೂ ಅಲ್ಲ. ಬಿದ್ದದ್ದು ಮಾತ್ರ ವಿಮಾನ, ಆಸ್ಪತ್ರೆ, ಬ್ಯಾಂಕುಗಳ ಯಂತ್ರಗಳು.

ಕಳ್ಳರ ಕೆಲಸವಾಗಿರಲಿಲ್ಲ. ಕಳ್ಳರಿಂದ ಕಾಯಲು ಇಟ್ಟ ಕಾವಲುಗಾರನೇ ಬಾಗಿಲಿಗೆ ಅಡ್ಡ ಬಿದ್ದಿದ್ದ. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ತನ್ನ ಫಾಲ್ಕನ್ ರಕ್ಷಣಾ ತಂತ್ರಾಂಶಕ್ಕೆ ನಮ್ಮ ಗಡಿಯಾರದ 9.39ಕ್ಕೆ ಒಂದು ಸಣ್ಣ ಕಡತ ಕಳಿಸಿತು. 10.57ಕ್ಕೆ ವಾಪಸ್ ತೆಗೆದುಕೊಂಡಿತು. 78 ನಿಮಿಷ. ಆಗಿದ್ದೇನು ಅನ್ನುವುದನ್ನು ಪಹಣಿಯ ಕಾಲಂಗಳನ್ನು ಬಾಯಿಪಾಠ ಮಾಡಿದ ನಮ್ಮ ಜನಕ್ಕೆ ಹೇಳುವುದು ಸುಲಭ. ನಮೂನೆಯಲ್ಲಿ ತುಂಬಿದ್ದು 20 ಕಾಲಂ, ಬಂದ ಕಡತ 21ನೆಯದನ್ನು ಓದು ಅಂದಿತು. ನಾಡಕಚೇರಿಯ ಗುಮಾಸ್ತನಾದರೆ "ಇಲ್ಲ ಸ್ವಾಮಿ, ಅಂಥಾ ಕಾಲಂ ಇಲ್ಲ" ಎಂದು ಕಾಗದ ವಾಪಸ್ ಕೊಡುತ್ತಿದ್ದ. ಯಂತ್ರ ಇಲ್ಲದ ಕಾಲಂ ಹುಡುಕಿಕೊಂಡು ಹೋಗಿ ಮುಗ್ಗರಿಸಿತು. ಆ ತಂತ್ರಾಂಶ ಕೂತಿದ್ದದ್ದು ವಿಂಡೋಸಿನ ತೀರಾ ಒಳಗಿನ ಗರ್ಭಗುಡಿಯಲ್ಲಾದ್ದರಿಂದ ಇಡೀ ವಿಂಡೋಸ್ ಅದರ ಜೊತೆ ಬಿತ್ತು.

ಕಡತ ವಾಪಸ್ ಪಡೆದರೂ ಬಿದ್ದ ಯಂತ್ರಗಳು ತಾವಾಗಿ ಏಳಲಿಲ್ಲ. ಬಹುಪಾಲು ಕಡೆ ಒಂದೊಂದರ ಮುಂದೆಯೂ ಒಬ್ಬ ಮನುಷ್ಯ ಕೂತು, ಸೇಫ್ ಮೋಡಿನಲ್ಲಿ ತೆರೆದು, ಆ ಕಡತ ಹುಡುಕಿ ಅಳಿಸಬೇಕಾಯಿತು. ಡಿಸ್ಕಿಗೆ ಬೀಗ ಹಾಕಿದ್ದ ಕಡೆ 48 ಅಂಕಿಯ ಕೀಲಿ ಬೇರೆ ಹೊಡೆಯಬೇಕು. ಆ ಕೀಲಿಯನ್ನು ಕೆಲವರು ಬರೆದಿಟ್ಟಿದ್ದ ಕಂಪ್ಯೂಟರೂ ಬಿದ್ದಿತ್ತು.

ನನಗೆ ಇದರಲ್ಲಿ ಚುಚ್ಚಿದ ಸಂಗತಿ ಬೇರೆ. ಜಾಗರೂಕ ಸಂಸ್ಥೆಗಳು ಆ ತಂತ್ರಾಂಶದ ಹೊಸ ಆವೃತ್ತಿಗೆ ಅವಸರ ಬೇಡ, ಒಂದು ಹೆಜ್ಜೆ ಹಿಂದಿನದೇ ಇರಲಿ ಎಂದು ಸೆಟ್ಟಿಂಗ್ ಮಾಡಿಕೊಂಡಿದ್ದವು. ಅವೂ ಬಿದ್ದವು. ಆ ಸೆಟ್ಟಿಂಗು ದೊಡ್ಡ ಆವೃತ್ತಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ದಿನಾ ಬರುವ ಇಂಥ ಸಣ್ಣ ಕಡತಗಳಿಗೆ ಬಾಗಿಲು ಸದಾ ತೆರೆದೇ ಇತ್ತು. ಮುಂಬಾಗಿಲಿಗೆ ಅಗುಳಿ ಹಾಕಿದವರಿಗೆ ಹಿತ್ತಿಲ ಬಾಗಿಲೊಂದಿದೆ ಎಂದು ಗೊತ್ತಾದದ್ದೇ ಆ ದಿನ.

ಅಂದು ಸರ್ಕಾರಿ ಕಚೇರಿಗಳ ಎನ್‌ಐಸಿ ಜಾಲಕ್ಕೆ ತೊಂದರೆಯಾಗಿಲ್ಲ ಎಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ತಿಳಿಸಿದರು. ದೇಶದಲ್ಲಿ 10 ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಗಷ್ಟೇ ಸಣ್ಣ ಅಡಚಣೆ ಎಂದು ರಿಸರ್ವ್ ಬ್ಯಾಂಕ್ ಹೇಳಿತು. "ಅಪ್‌ಡೇಟ್ ಆಫ್ ಮಾಡಿದೀನಿ" ಪಂಗಡದವರು ಆ ವಾರವೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದರು.

ಹನ್ನೆರಡೇ ದಿನ. ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತುಹೋಯಿತು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುವ ಸಿ-ಎಡ್ಜ್ ಎಂಬ ಸಂಸ್ಥೆಯ ಮೇಲೆ ಒತ್ತೆಹಣ ಕೇಳುವ ಖದೀಮರ ದಾಳಿಯಾಗಿತ್ತು. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಅದರ ಕೊಂಡಿಯನ್ನೇ ಕಳಚಿ, ಮರುದಿನ ಮತ್ತೆ ಜೋಡಿಸಿತು. ದಾಳಿಯ ಜಾಡು ಹಿಡಿದ ಬೆಂಗಳೂರಿನ ಕ್ಲೌಡ್‌ಸೆಕ್ ಕಂಪನಿ ಹೇಳಿದ ಪ್ರಕಾರ ಖದೀಮರು ಒಳಹೊಕ್ಕದ್ದು ಜೆಂಕಿನ್ಸ್ ಎಂಬ ತಂತ್ರಾಂಶದ ಒಂದು ತೂತಿನಿಂದ. ಆ ತೂತಿಗೆ ತೇಪೆ ಬಂದಿದ್ದು ಅದೇ ವರ್ಷದ ಜನವರಿಯಲ್ಲಿ! ಆರು ತಿಂಗಳು ಅದು ತೆರೆದೇ ಇತ್ತು.

ಒಂದು ತಿಂಗಳಲ್ಲಿ ಎರಡು ತೀರ್ಪು, ಒಂದಕ್ಕೊಂದು ತದ್ವಿರುದ್ಧ. ಅಪ್‌ಡೇಟ್ ಹಾಕಿಕೊಂಡು ಕೆಟ್ಟವರೊಬ್ಬರು, ಹಾಕಿಕೊಳ್ಳದೆ ಕೆಟ್ಟವರೊಬ್ಬರು. ಈ ಎರಡು ಕೇಡುಗಳು ಸಮ ತೂಕದವು ಎಂದು ಮಾತ್ರ ನಾನು ಒಪ್ಪುವುದಿಲ್ಲ. ಕೆಟ್ಟ ಅಪ್‌ಡೇಟಿನಿಂದ ಹೋಗುವುದು ಒಂದು ದಿನ, ಎರಡು ದಿನ. ಕಳಿಸಿದವನು ತಪ್ಪು ಒಪ್ಪಿಕೊಂಡು ರಿಪೇರಿಗೆ ನಿಲ್ಲುತ್ತಾನೆ. ತೂತಿನಲ್ಲಿ ನುಗ್ಗಿದ ಖದೀಮ ಕಡತಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುತ್ತಾನೆ, ಕೊಟ್ಟರೂ ಕೀಲಿ ಸಿಗುವ ಖಾತ್ರಿಯಿಲ್ಲ.

2017ರ ಮೇ 12ರ ವಾನಾಕ್ರೈ ದಾಳಿಯನ್ನು ನೆನೆಸಿಕೊಳ್ಳಿ. ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟದ್ದು ಮಾರ್ಚ್ 14ರಂದು. ಎರಡು ತಿಂಗಳು ಸಮಯವಿತ್ತು. 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮೀರಿ ಕಂಪ್ಯೂಟರುಗಳು ಬಿದ್ದವು, ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳು ರೋಗಿಗಳನ್ನು ಬೇರೆಡೆಗೆ ಕಳಿಸಿದವು. ಅದೆಲ್ಲ ದೊಡ್ಡೂರಿನ ಕಥೆ ಅನ್ನುವವರು ಇಷ್ಟು ಕೇಳಬೇಕು: ನಮ್ಮ ಮಗ್ಗುಲಿನ ಕೇರಳದಲ್ಲಿ ಆ ವೈರಸ್ ಮೊದಲು ಸಿಕ್ಕಿದ್ದು ವಯನಾಡಿನ ತರಿಯೋಡು, ಪತ್ತನಂತಿಟ್ಟ ಜಿಲ್ಲೆಯ ಅರುವಾಪುಲಂ ಗ್ರಾಮ ಪಂಚಾಯಿತಿಗಳ ಕಚೇರಿಯಲ್ಲಿ. ಗ್ರಾಮ ಪಂಚಾಯಿತಿ! "ನಮ್ಮಂಥ ಬಡಪಾಯಿಯ ಕಂಪ್ಯೂಟರಿನಲ್ಲಿ ಕದಿಯೋಕೇನಿದೆ" ಎಂಬ ವಾದ ಅಲ್ಲಿಗೇ ಮುಗಿಯಿತು. ಅದು ವಿಳಾಸ ಕೇಳಿಕೊಂಡು ಬರುವ ಕಳ್ಳನಲ್ಲ, ತೆರೆದ ಬಾಗಿಲುಗಳನ್ನೆಲ್ಲ ತಳ್ಳಿಕೊಂಡು ಹೋಗುವ ಹುಳ. ದಾಳಿಯ ಮರುದಿನ ಎಲ್ಲರೂ ಅಪ್‌ಡೇಟಿಗೆ ಮುಗಿಬಿದ್ದರು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಅಪ್‌ಡೇಟಿನ ವೇಷದಲ್ಲೇ ವಿಷ ಬಂದದ್ದೂ ಉಂಟು. ಅದೇ ವರ್ಷ ಜೂನ್ 27ರಂದು ಉಕ್ರೇನಿನ ವ್ಯಾಪಾರಿಗಳು ತೆರಿಗೆ ಲೆಕ್ಕಕ್ಕೆ ಬಳಸುವ, ನಮ್ಮ ಟ್ಯಾಲಿಯಂಥ ತಂತ್ರಾಂಶವೊಂದರ ಅಪ್‌ಡೇಟಿನೊಳಗೆ ಕೂತು ಬಂದ ನಾಟ್‌ಪೆಟ್ಯಾ, ಮುಂಬೈ ಬಳಿಯ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ಲನ್ನೂ ನಿಲ್ಲಿಸಿತು. ಇಂಥದ್ದು ಅಪರೂಪ. ಅಪರೂಪದ ಹಾವಿಗೆ ಹೆದರಿ ಹೊಲಕ್ಕೆ ಹೋಗದೆ ಇರುವವರಿಲ್ಲ.

ಹೊಲ ಅಂದಾಗ ಅನಿಸಿತು, ಇದಕ್ಕೆ ಉತ್ತರ ನಮ್ಮ ರಾಗಿ ಬೆಳೆಯುವವರಿಗೆ ಮುಂಚಿನಿಂದ ಗೊತ್ತಿದ್ದದ್ದೇ. ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತ, ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ತಂದಾಗ ಬುದ್ಧಿವಂತ ರೈತ ಮೊದಲ ವರ್ಷವೇ ಇಡೀ ಹೊಲಕ್ಕೆ ಚೆಲ್ಲಲಿಲ್ಲ, ಬೇಡವೆಂದು ತಿರಸ್ಕರಿಸಲೂ ಇಲ್ಲ. ಒಂದು ಮೂಲೆಗೆ ಬಿತ್ತಿ, ತೆನೆ ನೋಡಿ, ಆಮೇಲೆ ಮುಂದಿನ ಮಾತು. ಕ್ರೌಡ್‌ಸ್ಟ್ರೈಕ್ ಮಾಡದೆ ಬಿಟ್ಟಿದ್ದು ಇದನ್ನೇ. ಆ ಕಡತ ಎಲ್ಲರಿಗೂ ಒಂದೇ ಏಟಿಗೆ ಹೋಗಿತ್ತು. ಪೆಟ್ಟು ತಿಂದ ಮೇಲೆ ಹಂತ ಹಂತವಾಗಿ ಕಳಿಸುತ್ತೇವೆ, ಗ್ರಾಹಕರ ಕೈಗೂ ಹಿಡಿತ ಕೊಡುತ್ತೇವೆ ಎಂದಿತು.

ಎರಡು ಕಂಪ್ಯೂಟರ್ ಇರುವ ಅಂಗಡಿಗೂ ಈ ಲೆಕ್ಕ ಸಾಧ್ಯ. ವಿಂಡೋಸಿನ ಸೆಟ್ಟಿಂಗಿನಲ್ಲಿ ಅಪ್‌ಡೇಟನ್ನು ಐದು ವಾರದವರೆಗೆ ತಡೆಹಿಡಿಯುವ ಗುಂಡಿ ಇದೆ, ಹೋಮ್ ಆವೃತ್ತಿಯಲ್ಲೂ. ಹಿಂದಿನ ಮೇಜಿನ ಯಂತ್ರಕ್ಕೆ ಬಂದ ದಿನವೇ ಹಾಕಿಸಿ, ಗಿರಾಕಿ ಕಡೆಗಿನದಕ್ಕೆ ಒಂದು ವಾರ ತಡೆ. ಪ್ರಿಂಟರು, ಬೆರಳಚ್ಚು ಯಂತ್ರ ಎರಡೂ ನೆಟ್ಟಗಿದ್ದರೆ ಮುಂದಿನ ಭಾನುವಾರ ಇದಕ್ಕೂ ಹಾಕಿ. ಒಂದೇ ಯಂತ್ರ ಇದ್ದವರು ನಾಲ್ಕೈದು ದಿನ ತಡೆದರೆ ಸಾಕು. ಕೆಟ್ಟ ತೇಪೆಯ ಸುದ್ದಿ ಅಷ್ಟರಲ್ಲಿ ಊರಾಡಿರುತ್ತದೆ. ಯಂತ್ರ ತಾನೇ ರೀಸ್ಟಾರ್ಟ್ ಆಗಬಾರದ ಹೊತ್ತನ್ನು ದಿನಕ್ಕೆ 18 ಗಂಟೆವರೆಗೆ ಗುರುತು ಮಾಡಲು ಬರುತ್ತದೆ, ಅದನ್ನು ಮಾಡಿಕೊಂಡವರು ನಮ್ಮಲ್ಲಿ ನನಗೆ ಸಿಕ್ಕಿಲ್ಲ. ಆಂಟಿವೈರಸ್ಸಿನ ದಿನದ ಪಟ್ಟಿಯನ್ನು ತಡೆಯಬೇಡಿ, ಅದು ಹಾಲಿನಂತೆ, ನಿನ್ನೆಯದು ಇವತ್ತಿಗಾಗದು. ಕಡತಗಳ ನಕಲು ಬೇರೆ ಡಿಸ್ಕಿನಲ್ಲಿರಲಿ, ಕೆಲಸ ಮುಗಿದ ಮೇಲೆ ಆ ಡಿಸ್ಕಿನ ವೈರು ಕಳಚಿರಲಿ.

ಆಫ್ ಮಾಡಿಕೊಂಡು ನೆಮ್ಮದಿಯಾಗಿದ್ದವರ ಜೊತೆಗೆ ಈಗ ಇನ್ನೊಂದು ಗುಂಪು ಸೇರಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ತೇಪೆಗಳು ನಿಂತವು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯ ಯಂತ್ರಗಳಿಗೆ ಮತ್ತೊಂದು ವರ್ಷದ ವಾಯಿದೆ, ಅಷ್ಟೆ. ಏಳೆಂಟು ವರ್ಷದ ಹಿಂದೆ ಕೊಂಡ ಎಷ್ಟೋ ಯಂತ್ರಗಳಿಗೆ ವಿಂಡೋಸ್ 11 ಕೂರುವುದಿಲ್ಲ. ಅದು ಕೇಳುವ ಪ್ರೊಸೆಸರು, ಭದ್ರತಾ ಚಿಪ್ಪು ಅವುಗಳಲ್ಲಿಲ್ಲ. ಅಪ್‌ಡೇಟನ್ನು ಒಳಗೆ ಬಿಡಬೇಕೋ ಬೇಡವೋ ಎಂಬ ಪ್ರಶ್ನೆಯೇ ಅವುಗಳ ಮಾಲೀಕರಿಗಿನ್ನಿಲ್ಲ. ಗಟ್ಟಿಮುಟ್ಟಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಿಸುವ ಈ ವ್ಯವಹಾರ ನನಗಂತೂ ಹಿಡಿಸುವುದಿಲ್ಲ, ಆದರೆ ಅದರಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಧೈರ್ಯವೂ ನನಗಿಲ್ಲ.

ಆ ಬುಧವಾರ 27 ಪರ್ಸೆಂಟು ನೂರಾಗಲು ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಒಮ್ಮೆ ಕರೆಂಟು ಹೋಯಿತು, ಯುಪಿಎಸ್ ಕೀ ಕೀ ಎಂದಿತು, ಹುಡುಗನ ಮುಖ ಸಣ್ಣಗಾಯಿತು, ಕರೆಂಟು ಬಂತು. ಮೊದಲ ಪಹಣಿ ಪ್ರಿಂಟರಿನಿಂದ ಇಳಿದಾಗ ಅಜ್ಜ ಅದನ್ನು ಬೆಳಕಿಗೆ ಹಿಡಿದು ಒಂಬತ್ತನೇ ಕಾಲಂ ನೋಡಿದರು. ಹೆಸರು ಅವರದೇ ಇತ್ತು.

"ಸದ್ಯ, ಇದ್ನೇನೂ ಅಪ್‌ಡೇಟ್ ಮಾಡಿಲ್ಲ" ಎಂದು ಮಡಿಸಿ ಜೇಬಿಗಿಟ್ಟುಕೊಂಡರು.