ಒಟಿಪಿ, ಬೆರಳಚ್ಚು ಮತ್ತು ಗುರುತಿನ ಕಳವು: ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಗೃಹಲಕ್ಷ್ಮಿಯ 2000 ರೂಪಾಯಿ, ಉದ್ಯೋಗ ಖಾತರಿಯ ಕೂಲಿ, ವೃದ್ಧಾಪ್ಯ ವೇತನ ಇವೆಲ್ಲವೂ ಇಂದು ಫಲಾನುಭವಿಗಳ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತವೆ. ಆದುದರಿಂದ ಖಾತೆದಾರರ ಗುರುತನ್ನು ಕದ್ದವನಿಗೆ ಆ ಹಣವೂ ಸುಲಭವಾಗಿ ದಕ್ಕುತ್ತದೆ.

ಇಂತಹ ವಂಚನೆಯ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ, ಕಂತು ತಡೆಹಿಡಿಯಲಾಗಿದೆ ಅಥವಾ ಕೆವೈಸಿ ನವೀಕರಿಸಬೇಕು ಎಂಬ ಕರೆ ಇಲ್ಲವೇ ಸಂದೇಶ ಬರುತ್ತದೆ. ಲಿಂಕ್ ಒತ್ತಿಸಿ ಅಥವಾ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳುಹಿಸಿ ಒಟಿಪಿಯನ್ನು ಪಡೆಯಲಾಗುತ್ತದೆ. ಅಪರಿಚಿತರಿಗೆ ಒಟಿಪಿ ತಿಳಿಸುವುದು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಂತೆ. ಹಣ ಸ್ವೀಕರಿಸಲು ಯುಪಿಐ ಪಿನ್ ಬೇಕಾಗುವುದಿಲ್ಲ ಎಂಬುದನ್ನೂ ಗ್ರಾಮಸ್ಥರಿಗೆ ಮನವರಿಕೆ ಮಾಡಿಕೊಡಬೇಕು.

ಎರಡನೆಯ ಮಾರ್ಗದಲ್ಲಿ ಒಟಿಪಿಯ ಅಗತ್ಯವೇ ಇಲ್ಲ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚಿನಿಂದ ಹಣ ತೆಗೆಯಬಹುದು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಹಣ ದೋಚಿದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಬೆಳಕಿಗೆ ಬಂದವು. ಇದನ್ನು ತಡೆಯಲು ಆಧಾರ್ ಆ್ಯಪ್ ಅಥವಾ ಆಧಾರ್ ಪ್ರಾಧಿಕಾರದ ಜಾಲತಾಣದ ಮೂಲಕ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಬಹುದು. ಇದಕ್ಕೆ ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಲಾಕ್ ಆದ ನಂತರ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳಚ್ಚು ಸ್ವೀಕೃತವಾಗದು. ಪಡಿತರ ಪಡೆಯುವ ಮುನ್ನ ಅದನ್ನು ತಾತ್ಕಾಲಿಕವಾಗಿ ತೆರೆಯಬೇಕೆಂದು ವೃದ್ಧರಿಗೆ ತಪ್ಪದೆ ತಿಳಿಸತಕ್ಕದ್ದು.

ಹಣ ಕಳೆದುಕೊಂಡವರು ತಕ್ಷಣ 1930ಕ್ಕೆ ಕರೆ ಮಾಡಬೇಕು ಮತ್ತು ಬ್ಯಾಂಕಿಗೆ ದೂರು ಸಲ್ಲಿಸಬೇಕು. ಹಣವು ವಂಚಕರ ಖಾತೆಯಿಂದ ಮುಂದೆ ಸಾಗುವ ಮೊದಲು ಅದನ್ನು ತಡೆಹಿಡಿಯುವ ಅವಕಾಶವಿರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರ ಕೃತ್ಯದಿಂದ ಹಣ ಹೋಗಿದ್ದು, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ದೂರು ನೀಡಿದರೆ ನಷ್ಟದ ಹೊಣೆ ಗ್ರಾಹಕರ ಮೇಲೆ ಬೀಳದು. ತಾವೇ ಒಟಿಪಿ ತಿಳಿಸಿದ್ದರೂ ದೂರಿನ ನಂತರ ಆಗುವ ನಷ್ಟವನ್ನು ಬ್ಯಾಂಕೇ ಭರಿಸಬೇಕು. ಆದ್ದರಿಂದ ತಪ್ಪು ತಮ್ಮದೇ ಎಂದು ಸುಮ್ಮನಿರುವುದರಿಂದ ಹಾನಿ ಹೆಚ್ಚುತ್ತದೆ.

ಮೋಸಹೋದವರು ನಾಚಿಕೆಯಿಂದ ಮನೆಯವರಿಗೂ ಹೇಳದೆ ದಿನ ಕಳೆಯುವುದುಂಟು. ಅಂಥವರು ಧೈರ್ಯಮಾಡಿ ಸದಸ್ಯರ ಬಳಿಗೆ ಬಂದಾಗ, ಒಟಿಪಿ ಏಕೆ ಹೇಳಿದಿರಿ ಎಂದು ಆಕ್ಷೇಪಿಸುವ ಮೊದಲು 1930ಕ್ಕೆ ಕರೆ ಮಾಡಿಸುವುದು ಸದಸ್ಯರ ಪ್ರಥಮ ಕರ್ತವ್ಯ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಓದಿ ತಿಳಿಸಿ, ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಈ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಸುವುದು ಉಚಿತ.